ರಿವರ್ಸ್‌ನಲ್ಲಿ ಮಾತ್ರ ನಡುಗದ ಕಾರು

"ಗಾಜು ಇಳಿಸ್ರೀ ಮೇಡಂ! ಗಾಜು!"

ಕೆಂಪು ದೀಪಕ್ಕೆ ನಿಂತಿದ್ದ ಪ್ರೇಮಕುಮಾರಿ ಬೆಚ್ಚಿ ಬಲಕ್ಕೆ ತಿರುಗಿದಳು. ಸೈಕಲ್ಲಿನ ಮೇಲೆ ಒಬ್ಬ ಆಸಾಮಿ. ತಲೆಗೆ ಮಂಕಿ ಕ್ಯಾಪು, ಮೀಸೆಯ ಮೇಲೆ ಹಿಮದ ಪುಡಿ.

ಕನ್ನಡ! ಎರ್ಲಾಂಗೆನ್ ಊರಿನ ನಡುರಸ್ತೆಯಲ್ಲಿ, ಫೆಬ್ರವರಿಯ ಈ ಹಾಳು ಚಳಿಯಲ್ಲಿ... ಕನ್ನಡ!

ಅವಳಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಕಾರಿನ ಹಿಂದಿನ ಗಾಜಿಗೆ ಹಳದಿ-ಕೆಂಪು ಬಾವುಟದ ಸ್ಟಿಕ್ಕರ್ ಇತ್ತು. ಕಾರು ಮಾರಿದ ಸುನಿಲಕುಮಾರ ಅಂಟಿಸಿದ್ದು. ಉಗುರಿನಿಂದ ಕೆರೆದು ಕೆರೆದು ಸೋತಿದ್ದಳು. ಈಗ ನೋಡಿ, ಯಾರ್ಯಾರೋ ಬಂದು ಗಾಜು ಬಡಿಯುತ್ತಾರೆ!

ಬಗ್ಗಿ ಗಾಜು ಇಳಿಸಿದಳು. "ಏನು?"

"ನಿಮ್ಮ ಗಾಡಿಗೆ ಚಳಿಜ್ವರ ಬಂದೈತಿ. ಆ ಕನ್ನಡಿ ನೋಡ್ರಿ, ಹೆಂಗ ನಡುಗಾಕ್ಹತ್ತೈತಿ!" ಎಂದು ನಕ್ಕ.

"ನನ್ನ ಕಾರು, ನನ್ನ ಕನ್ನಡಿ. ನಿಮಗೇನ್ರೀ ಕಷ್ಟ?"

"ನನಗೇನೂ ಕಷ್ಟಿಲ್ರಿ. ನಡುಕ ಅಳಿಯೂದ ನನ್ನ ಕೆಲಸ. ಇಲ್ಲೇ ಪಕ್ಕದ ಹರ್ಟ್ಸೋಗೆನಾವ್‌ರಾಕ್ ಊರಾಗ, ವೈಬ್ರೇಷನ್ ಲ್ಯಾಬ್. ಹೆಸರು ಚನ್ನಮಲ್ಲಪ್ಪ."

ಹಸಿರು ದೀಪ ಬಂತು. ಸಿಟ್ಟಿನಲ್ಲಿ ಕ್ಲಚ್ ಬಿಟ್ಟಳು. ಕಾರು ಒಮ್ಮೆ ಮೈ ಕೊಡವಿಕೊಂಡು ನಿಂತೇಬಿಟ್ಟಿತು! ಹಿಂದೆ ಹಾರ್ನುಗಳ ಮೇಲೆ ಹಾರ್ನು.

ಅವನು ಸೈಕಲ್ಲನ್ನು ಫುಟ್‌ಪಾತಿಗೆ ಒರಗಿಸಿ, ಕಾರನ್ನು ಪಕ್ಕಕ್ಕೆ ತಳ್ಳಿದ. ತಳ್ಳುವಾಗಲೂ ನಗುತ್ತಿದ್ದ. ಅವಳು ಹಲ್ಲು ಕಚ್ಚಿ ಸ್ಟೀರಿಂಗ್ ಹಿಡಿದಿದ್ದಳು.

'ಥೂ... ಇವನ ಮುಖ ಇನ್ನೊಮ್ಮೆ ಕಾಣದಿರಲಿ ದೇವರೇ!'

ಆದರೆ ಅವನು ಕೊಟ್ಟ ವಿಸಿಟಿಂಗ್ ಕಾರ್ಡನ್ನು ಎಸೆಯಲಿಲ್ಲ. ಕೋಟಿನ ಜೇಬಿಗೆ ತುರುಕಿಕೊಂಡಳು. ನಮ್ಮ ನಾಯಕಿಯ ಗರ್ವಕ್ಕೆ ಅಷ್ಟರಮಟ್ಟಿಗೆ ಬುದ್ಧಿಯಿತ್ತು.

ಜರ್ಮನಿ ಸಾಫ್ಟ್‌ವೇರಿನವರಿಗೆ ಗ್ರೀನ್ ಕಾರ್ಡ್ ಹಂಚುತ್ತಿದ್ದ ಕಾಲ ಅದು. ಸಿಕ್ಕಿದವರ ಜಂಬ ಆ ದಿನಗಳಲ್ಲಿ ನೋಡಬೇಕಿತ್ತು! ಜರ್ಮನಿಯೇ ಕೈ ಮುಗಿದು ಕರೆದ ಹಾಗೆ ಬಂದಿಳಿದರು. ಬಂದು ಮಾಡಿದ್ದೇನು? ನಾಲ್ಕು ಗೋಡೆಯೊಳಗೆ ಪ್ರೆಷರ್ ಕುಕ್ಕರ್ ಕೂಗಿಸುತ್ತಾ, ಕಟ್ಟಡ ನೋಡಿಕೊಳ್ಳುವ ಹೌಸ್‌ಮೈಸ್ಟರ್ ಬಾಗಿಲು ತಟ್ಟಿದರೆ ಉಸಿರು ಬಿಗಿಹಿಡಿದು ಕೂತರು. ಮೈಸೂರಿನವರು ಧಾರವಾಡದವರ ಕನ್ನಡಕ್ಕೆ ಮೂಗು ಮುರಿದರು. ಧಾರವಾಡದವರು ಮೈಸೂರಿನವರ ಸಾರಿಗೆ. ಇಬ್ಬರೂ ಸೇರಿ ಜರ್ಮನ್ನರ ಬ್ರೆಡ್ಡಿಗೆ.

ಪ್ರೇಮಕುಮಾರಿ ಈ ಎಲ್ಲರಿಗೂ ಮೂಗು ಮುರಿದವಳು. ಹುಟ್ಟಿದ್ದು ಮೈಸೂರು, ಬರೆಯುವುದು ಸಾಫ್ಟ್‌ವೇರು, ಗೆಳತಿಯರು ಯಾರೂ ಇಲ್ಲ. ತನ್ನ ಹೆಸರನ್ನೇ ಕಂಡರೆ ಆಗದು. ಆಫೀಸಿನಲ್ಲಿ "ಪ್ರೇಮ್" ಅನ್ನಿಸಿಕೊಳ್ಳುತ್ತಿದ್ದಳು.

ಆದರೂ ಅವಳ ಗಂಟಲಲ್ಲಿ ಒಂದು ಮುಳ್ಳು ಸಿಕ್ಕಿಕೊಂಡಿತ್ತು. ಮೈಸೂರಿನಿಂದ ಹೊರಡುವ ದಿನ ಅತ್ತಿಗೆ ಶ್ರೀಲಕ್ಷ್ಮಿ ಬಾಗಿಲಲ್ಲೇ ನಿಂತು ಅಂದಿದ್ದಳು: "ಹೋಗ್ಬಾ ಹೋಗ್ಬಾ. ವರ್ಷ ತುಂಬೋದ್ರೊಳಗೆ ವಾಪಸ್ ಬರ್ತೀಯ. ನಿನ್ನ ರೂಮನ್ನ ಖಾಲಿನೇ ಇಟ್ಟಿರ್ತೀನಿ."

ಆ ಖಾಲಿ ರೂಮಿಗೆ ಹೋಗಬಾರದು. ಅವಳ ಬದುಕಿನಲ್ಲಿ ಈಗ ಇದೊಂದೇ ಹಟ.

ಅದಕ್ಕೆ ಕೆಲಸ ಉಳಿಯಬೇಕು, ಯಾಕೆಂದರೆ ವೀಸಾ ಕೆಲಸಕ್ಕೆ ಕಟ್ಟಿದ್ದು. ಕೆಲಸ ಉಳಿಯಲು ಬೆಳಕು ಹರಿಯುವ ಮುಂಚೆ ಹರ್ಟ್ಸೋಗೆನಾವ್‌ರಾಕ್‌ನ ಶಿಫ್ಟಿನಲ್ಲಿರಬೇಕು. ಆ ಊರಿಗೆ ರೈಲಿಲ್ಲ, ಅಷ್ಟು ಬೇಗ ಬಸ್ಸಿಲ್ಲ. ಹಾಗಾಗಿ ಅವಳ ಇಡೀ ಮಾನ ಈ ನಡುಗುವ ಹಸಿರು ಡಬ್ಬದ ಮೇಲೆ ನಿಂತಿತ್ತು!

ವರ್ಕ್‌ಶಾಪಿನವನು ಬಾನೆಟ್ ತೆಗೆದು, ಸ್ಪಾರ್ಕ್ ಪ್ಲಗ್ ಬದಲಿಸಿ, ತಲೆಯಾಡಿಸಿದ. ನಡುಕ ಹೋಗಲಿಲ್ಲ. "ಇಂಜಿನ್ನಿಗೆ ವಯಸ್ಸಾಯಿತು, ಗುಜರಿಗೆ ಹಾಕಿ" ಎಂದ.

ಅವತ್ತೇ ಸಂಜೆ ಕೋಟಿನ ಜೇಬಿಗೆ ಕೈ ಹಾಕಿ ಆ ಕಾರ್ಡು ತೆಗೆದಳು. ಮೈಯೆಲ್ಲ ಉರಿಯುತ್ತಿತ್ತು.

"ಹಲೋ... ನಾನು... ಆ ಕೆಂಪು ದೀಪದ..."

"ಚಳಿಜ್ವರದ ಗಾಡಿ! ಗೊತ್ತಾತು ಬಿಡ್ರಿ. ಶನಿವಾರ ಬರ್ತೀನಿ."

*

ಶನಿವಾರ ಅವಳ ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಗ್ಯಾರೇಜಿಗೆ ಅವನು ಬಂದಿಳಿದ. ಬಾದಾಮಿ ಕಡೆಯವನು, ಜರ್ಮನಿಯದೇ ಆಖನ್ ಊರಿನಲ್ಲಿ ಎಂ.ಎಸ್. ಮಾಡಿದವನು. ಲ್ಯಾಪ್‌ಟಾಪು, ವೈರು, ಸೆನ್ಸರು, ವೈರು ಬಿಗಿಯುವ ನೀಲಿ ಬಣ್ಣದ ಪ್ಲಾಸ್ಟಿಕ್ ಟೈಗಳ ಕಟ್ಟು... ಎಲ್ಲಾ ಲ್ಯಾಬಿನಿಂದ ತಂದಿದ್ದ.

"ಪಾಪದ ಗಾಡಿ. ಯಾರು ಕಟ್ಟಿದ್ರು ನಿಮಗ ಇದನ್ನ?" ಎನ್ನುತ್ತಾ ಇಂಜಿನ್ನಿಗೆ ಸೆನ್ಸರನ್ನು ನೀಲಿ ಟೈಯಿಂದ ಬಿಗಿದ.

"ನೀವು ರಿಪೇರಿಗೆ ಬಂದಿದೀರೋ, ಅಣಕಿಸೋಕೆ ಬಂದಿದೀರೋ?"

"ಎರಡಕ್ಕೂ. ಒಂದು ಹೇಳ್ರಿ, ಇತ್ತೀಚಿಗೆ ಗಾಡಿಗೆ ಏನಾರ ಹೊಸಾದು ಮಾಡಿಸೀರೇನು?"

"ಏನೂ ಇಲ್ಲ. ಏನೇನೂ ಬದಲಾಗಿಲ್ಲ."

ಆಫೀಸಿನಲ್ಲಿ ಯಾರಾದರೂ ಹೀಗಂದರೆ ಅವಳು ಉಗಿದು ಉಪ್ಪಿನಕಾಯಿ ಹಾಕುತ್ತಿದ್ದಳು. ಪ್ರೋಗ್ರಾಂ ಕೆಟ್ಟಾಗ ಎಲ್ಲರೂ ಹೇಳುವ ಸುಳ್ಳು ಇದೊಂದೇ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ತನ್ನ ಕಾರಿನ ವಿಷಯಕ್ಕೆ ಮಾತ್ರ ಆ ಬುದ್ಧಿ ಬರಲಿಲ್ಲ.

ಅವನು ಪರದೆಯ ಮೇಲೆ ಗೆರೆಗಳನ್ನು ತೋರಿಸಿ ಪಾಠ ಮಾಡಿದ. ಇಂಜಿನ್ ತಾನಾಗಿ ಚೆನ್ನಾಗೇ ತಿರುಗುತ್ತಿದೆ, ಅದರ ನಡುಕ ಕಾರಿನ ಮೈಗೆ ಹರಿಯುತ್ತಿದೆ, ಆದ್ದರಿಂದ ಇಂಜಿನ್ ಕೂತಿರುವ ರಬ್ಬರ್ ಮೌಂಟ್ ಸತ್ತಿದೆ ಎಂದ. ಮುಂದಿನ ಶನಿವಾರ ಮೌಂಟ್ ಬದಲಿಸಿದ. ನಡುಕ ಹಾಗೇ ಇತ್ತು. ಅದರ ಮುಂದಿನ ಶನಿವಾರ ಇನ್ನೊಂದು ಮೌಂಟ್ ಬದಲಿಸಿದ. ನಡುಕ ಹಾಗೇ ಇತ್ತು!

"ದೊಡ್ಡ ಎಕ್ಸ್‌ಪರ್ಟು!" ಎಂದಳು ಪ್ರೇಮಕುಮಾರಿ. ಅವಳಿಗೆ ಅಂದು ಎಷ್ಟು ಸಂತೋಷವಾಯಿತೆಂದರೆ, ಕಾರು ತನ್ನದೆನ್ನುವುದೇ ಮರೆತುಹೋಯಿತು.

"ಪ್ರೇಮಕುಮಾರಿಯವರ..."

"ಪ್ರೇಮ್ ಅನ್ನಿ ಸಾಕು."

"ಯಾಕ? ಪೂರ್ತಿ ಹೆಸರು ಚಂದ ಐತಲ್ಲ. ಅರ್ಧಕ್ಕ ಕತ್ತರಿಸಿದ್ರ ಜರ್ಮನ್ನರು ಬಹುಮಾನ ಕೊಡ್ತಾರೇನು?"

ಆ ಹೆಸರನ್ನು ಚಂದ ಅಂದವರು ಇದುವರೆಗೆ ಯಾರೂ ಇರಲಿಲ್ಲ.

ಬಿಸಿಬೇಳೆಬಾತ್ ಮಾಡಿ ಗ್ಯಾರೇಜಿಗೇ ತಂದುಕೊಟ್ಟಳು. "ಇದೇನ್ರೀ, ಖಾರದ ಪಾಯಸೇನು?" ಎಂದು ಹಂಗಿಸಿ, ಎರಡು ಸಲ ಹಾಕಿಸಿಕೊಂಡ. ಅವನು ತಂದ ಕಟಕ ರೊಟ್ಟಿಯನ್ನು ಅವಳು ತಟ್ಟೆಗೆ ಬಡಿದು ಸದ್ದು ಮಾಡಿ, "ಇದನ್ನೇ ಮೌಂಟ್ ಮಾಡಿ ಹಾಕಿ" ಎಂದಳು. ಹಾಗೆಂದವಳೇ ಶೇಂಗಾ ಚಟ್ನಿ ಹಚ್ಚಿ, ಚೂರೂ ಬಿಡದೆ ತಿಂದಳು.

ಒಮ್ಮೆ ತಣ್ಣನೆಯ ಕಬ್ಬಿಣ ಹಿಡಿದು ಅವನ ಬೆರಳು ನೀಲಿಗಟ್ಟಿದ್ದವು. ಅವಳು ತನ್ನ ಗ್ಲೌಸ್ ತೆಗೆದು ಅವನತ್ತ ಎಸೆದಳು.

"ಹೆಣ್ಮಕ್ಕಳ ಗ್ಲೌಸ್ ನಾನು ಹಾಕ್ಕೊಳ್ಳಾಂಗಿಲ್ಲ."

"ಬೆರಳು ಉದುರಿಹೋಗ್ಲಿ ಬಿಡಿ. ನನಗೇನು?"

ಹಾಕಿಕೊಂಡ. ಮಣಿಕಟ್ಟಿನವರೆಗೂ ಬರಲಿಲ್ಲ. ಇಬ್ಬರೂ ನಗು ತಡೆದುಕೊಂಡರು. ಇಬ್ಬರೂ ಸೋತರು.

ಶುಕ್ರವಾರ ಸಂಜೆಯಾದರೆ ಅವಳು ತಲೆಗೆ ಎಣ್ಣೆ ಹಚ್ಚುವುದನ್ನು ಬಿಟ್ಟುಬಿಟ್ಟಳು. ಶನಿವಾರ ಬೆಳಿಗ್ಗೆ ಕನ್ನಡಿ ಮುಂದೆ ಜಾಸ್ತಿ ಹೊತ್ತು ನಿಲ್ಲತೊಡಗಿದಳು. 'ಆ ಒರಟನಿಗಾಗಿಯೇ? ಛೇ ಛೇ... ಎಂಥ ಕರ್ಮ!' ಎಂದು ತನ್ನನ್ನೇ ಬೈದುಕೊಂಡಳು. ಬೈದುಕೊಂಡೇ ಕಿವಿಗೆ ಜುಮುಕಿ ಹಾಕಿಕೊಂಡಳು.

*

ಮಾರ್ಚಿನ ಆ ಶನಿವಾರ ಅವಳು ಮೆಟ್ಟಿಲಿಳಿದು ಓಡಿಬಂದಳು.

"ಚನ್ನಮಲ್ಲಪ್ಪ! ಒಂದು ಗೊತ್ತಾಯ್ತು! ಕಾರು ಮುಂದಕ್ಕೆ ಹೋಗುವಾಗ ನಡುಗತ್ತೆ, ನಿಂತಾಗ ನಡುಗತ್ತೆ. ಆದ್ರೆ ರಿವರ್ಸ್ ಹಾಕಿ ಕ್ಲಚ್ ಹಿಡಿಯುತ್ತಲ್ಲ, ಆಗ ಕನ್ನಡಿ ಸ್ತಬ್ಧ! ನಾನು ಮೂರು ದಿನ ನೋಡಿದೀನಿ. ರಿವರ್ಸ್‌ನಲ್ಲಿ ಮಾತ್ರ ನಡುಗಲ್ಲ!"

ಅವನ ಕೈಯಲ್ಲಿದ್ದ ಸ್ಪ್ಯಾನರ್ ನಿಂತಿತು. ಮುಖದ ಬಣ್ಣ ಒಂದು ಗಳಿಗೆ ಹೋಯಿತು. ಅವಳು ನೋಡಲಿಲ್ಲ, ಅಷ್ಟು ಉತ್ಸಾಹ.

"ಏನರ್ಥ ಇದಕ್ಕೆ? ಹೇಳಿ!"

ಅವನು ಬಾನೆಟ್ಟಿನೊಳಗೆ ತಲೆ ಹಾಕಿದ. "ಏನೂ ಅರ್ಥಿಲ್ಲ. ರಿವರ್ಸ್‌ನ್ಯಾಗ ಎಲ್ಲಾ ಗಾಡಿ ಹಂಗ ಇರ್ತಾವ. ನಿಮಗ್ಯಾಕ ಇದೆಲ್ಲಾ? ನೀವು ಕೀಬೋರ್ಡ್ ಕುಟ್ಕೋತ ಇರ್ರಿ."

ಎಷ್ಟು ಸಲೀಸಾಗಿ ಅಂದ!

ಇದುವರೆಗಿನ ಹಂಗಿಸುವಿಕೆಯಲ್ಲಿ ಆಟವಿತ್ತು. ಇದರಲ್ಲಿರಲಿಲ್ಲ. ಪ್ರೇಮಕುಮಾರಿಯ ಕಣ್ಣು ತುಂಬಿತು. ಅವನು ಸಾಮಾನು ಕಟ್ಟಿಕೊಂಡು, ಮುಖ ನೋಡದೆ, ಬೇಗ ಹೊರಟುಹೋದ.

ಆ ವಾರ ಹಾಳಾದ ವಾರ. ಸೋಮವಾರ ಸಿಗ್ನಲ್ಲಿನಲ್ಲಿ ಕಾರು ನಿಂತು ಶಿಫ್ಟಿಗೆ ತಡವಾಯಿತು. ಬುಧವಾರ ಮತ್ತೆ ಹಾಗೇ. ಮೇಲಧಿಕಾರಿ ಕರೆದು, "ಹೊತ್ತಿಗೆ ಸರಿಯಾಗಿ ಬರಲಾಗದಿದ್ದರೆ ಈ ಪ್ರಾಜೆಕ್ಟಿಗೆ ಬೇರೆಯವರನ್ನು ಹಾಕುತ್ತೇನೆ" ಎಂದ. ಬೇರೆ ಪ್ರಾಜೆಕ್ಟು ಆ ಕಂಪನಿಯಲ್ಲಿ ಇರಲಿಲ್ಲ. ಹೊರಗೆಲ್ಲ ಗ್ರೀನ್ ಕಾರ್ಡಿನವರನ್ನು ಒಬ್ಬೊಬ್ಬರಾಗಿ ಮನೆಗೆ ಕಳಿಸುತ್ತಿದ್ದ ಕಾಲ.

ಗುರುವಾರ ಅವಳು ಮೈಸೂರಿಗೆ ಫೋನ್ ಮಾಡಿದಳು. ಅಮ್ಮ ಸಿಗಲಿಲ್ಲ, ಅತ್ತಿಗೆ ಸಿಕ್ಕಳು.

"ಅತ್ತಿಗೆ... ಬಹುಶಃ... ನಾನು ಬರಬೇಕಾಗಬಹುದು."

ಆ ಕಡೆ ನಗು. ಎಂಥ ತೃಪ್ತಿಯ ನಗು! "ನಾನು ಹೇಳಿರಲಿಲ್ವಾ? ಬಾಮ್ಮ ಬಾ. ರೂಮು ಗುಡಿಸಿ ಇಡ್ತೀನಿ."

ರಿಸೀವರ್ ಇಟ್ಟು ಪ್ರೇಮಕುಮಾರಿ ಗೋಡೆಗೆ ಒರಗಿ ಅತ್ತಳು. ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಮುಖ ತೊಳೆದುಕೊಂಡಳು.

'ರಿವರ್ಸ್‌ನಲ್ಲಿ ನಡುಗಲ್ಲ ಅಂದ್ರೆ ನಡುಗಲ್ಲ. ನನ್ನ ಕಣ್ಣು ಸುಳ್ಳು ಹೇಳಿಲ್ಲ. ಕೀಬೋರ್ಡ್ ಕುಟ್ಟುವವಳು ಏನು ಮಾಡ್ತಾಳೆ ನೋಡು!'

ಶುಕ್ರವಾರ ಕೆಲಸದಿಂದ ಬಂದವಳೇ ಟಾರ್ಚ್ ಹಿಡಿದು ಗ್ಯಾರೇಜಿಗೆ ಇಳಿದಳು. ಬಾನೆಟ್ ತೆರೆದಿಟ್ಟು, ಪಕ್ಕದ ಮನೆಯ ಮುದುಕಿಯನ್ನು ಬೇಡಿಕೊಂಡು ಸೀಟಿನಲ್ಲಿ ಕೂರಿಸಿದಳು. ಮುದುಕಿ ಬ್ರೇಕ್ ಒತ್ತಿ ಮೊದಲ ಗೇರು ಹಾಕಿ, ಕ್ಲಚ್ಚನ್ನು ಸ್ವಲ್ಪವೇ ಬಿಟ್ಟಳು. ಇಂಜಿನ್ ಹಿಂದಕ್ಕೆ ವಾಲಿತು. ಈಗ ರಿವರ್ಸ್. ಇಂಜಿನ್ ಮುಂದಕ್ಕೆ ವಾಲಿತು, ನಡುಕ ನಿಂತಿತು.

ಅಂದರೆ ಇಂಜಿನ್ನಿನ ಹಿಂದೆ ಏನೋ ತಾಗುತ್ತಿದೆ!

ಇಂಜಿನ್ ಆರಿಸಿ, ತಣ್ಣಗಾಗಲು ಬಿಟ್ಟು, ಇಂಜಿನ್ನಿಗೂ ಹಿಂದಿನ ತಗಡಿಗೂ ನಡುವಿನ ಸಂದಿಗೆ ಮೊಣಕೈವರೆಗೆ ಕೈ ತುರುಕಿದಳು. ದುಂಡಗಿನದು ಏನೋ ಸಿಕ್ಕಿತು. ಎಳೆದಳು, ತಿರುಚಿದಳು, ಮತ್ತೆ ಎಳೆದಳು.

ಕೈಗೆ ಬಂದದ್ದು ಒಂದು ತೆಂಗಿನಕಾಯಿ!

ಮಸಿ ಹಿಡಿದ ಕೆಂಪು ಬಟ್ಟೆಯಲ್ಲಿ ಸುತ್ತಿದ, ಅರಿಶಿನ ಕುಂಕುಮ ಹಚ್ಚಿದ ಇಡೀ ತೆಂಗಿನಕಾಯಿ. ಆ ಬಟ್ಟೆಗೆ ಸಿಕ್ಕಿಕೊಂಡಿತ್ತು, ತುಂಡಾದ ಒಂದು ನೀಲಿ ಪ್ಲಾಸ್ಟಿಕ್ ಟೈ.

ನೀಲಿ ಟೈ... ಅವನ ಲ್ಯಾಬಿನ ಕಟ್ಟಿನದೇ!

*

ಮರುದಿನ ಅವನು ಬಂದಾಗ ಅವಳು ಕಾಯಿಯನ್ನು ಕಾರಿನ ಮೇಲಿಟ್ಟು ನಿಂತಿದ್ದಳು. ಇಂಜಿನ್ ಓಡುತ್ತಿತ್ತು. ಕನ್ನಡಿ ಕದಲುತ್ತಿರಲಿಲ್ಲ.

ಚನ್ನಮಲ್ಲಪ್ಪ ಕಾಯಿ ನೋಡಿದ. ಟೂಲ್ ಬಾಕ್ಸು ಕೆಳಗಿಟ್ಟ.

"ಇದು ನಿನ್ನ ಲ್ಯಾಬಿನ ಟೈ ತಾನೇ?" ಅವಳ ದನಿ ತಣ್ಣಗಿತ್ತು.

"...ಹೌದು."

"ನೀನೇ ಇಟ್ಟಿದ್ದು!"

"ಹೌದು. ಆದ್ರ..."

"ಮೊದಲು ಹಾಳು ಮಾಡೋದು, ಆಮೇಲೆ ರಿಪೇರಿ ನೆಪದಲ್ಲಿ ಬರೋದು! ಎಂಥ ನೀಚ ನೀನು! ನಿನಗೆ ಇದು ಶನಿವಾರದ ಆಟ. ನನಗೆ? ಈ ಕಾರು ನಿಂತ್ರೆ ನಾನು ಅತ್ತಿಗೆ ಕಾಲ ಕೆಳಗೆ ಹೋಗಿ ಬೀಳಬೇಕು. ಗುರುವಾರ ಅವಳಿಗೆ ಫೋನ್ ಮಾಡಿದೆ ಕಣೋ! ಬರ್ತೀನಿ ಅಂತ ನನ್ನ ಬಾಯಿಂದ್ಲೇ ಹೇಳಿದೆ!"

ಅವನ ಮುಖ ಬಿಳಿಚಿಕೊಂಡಿತು. "ಫೋನ್ ಮಾಡಿದ್ರೇನು? ಅಯ್ಯೋ... ನನ್ನ ಮಾತು ಒಂದೀಟು ಕೇಳ್ರಿ..."

"ತೊಲಗು!"

ಹೋದ. ಪಾಠ ಹೇಳಲು ಹುಟ್ಟಿದವನ ಹಾಗೆ ಮಾತಾಡುತ್ತಿದ್ದವನು ಟೂಲ್ ಬಾಕ್ಸು ಎತ್ತಿಕೊಂಡು ಹೋದ.

ಕಾರು ಈಗ ಬೆಣ್ಣೆಯ ಹಾಗೆ ಓಡುತ್ತಿತ್ತು. ಶಿಫ್ಟಿಗೆ ಎಲ್ಲರಿಗಿಂತ ಮೊದಲು ಹೋದಳು. ಮೇಲಧಿಕಾರಿ ಸುಮ್ಮನಾದ. ಬೇಕಾದದ್ದೆಲ್ಲ ಸಿಕ್ಕಿತ್ತು. ಶನಿವಾರ ಬಂದಾಗ ಮಾತ್ರ ಅವಳು ಜುಮುಕಿಯನ್ನು ಕೈಯಲ್ಲಿ ಹಿಡಿದು ಹಾಸಿಗೆಯ ಮೇಲೆ ಕೂತಿದ್ದಳು. ಯಾರನ್ನು ಹಂಗಿಸುವುದು ಈಗ?

*

ಯುಗಾದಿಗೆ ಗೌರಕ್ಕನ ಮನೆಯಲ್ಲಿ ಊಟ. ಗೌರಕ್ಕ ಎಂದರೆ ಗದಗಿನ ಕಡೆಯ ಹಿರಿಯ ಹೆಂಗಸು. ಊರಿನ ಕನ್ನಡಿಗರಿಗೆಲ್ಲ ಹಬ್ಬ ಮಾಡಿಸುವ ಜವಾಬ್ದಾರಿಯನ್ನು ಯಾರೂ ಕೊಡದೆ ತಾನೇ ಹೊತ್ತುಕೊಂಡವಳು. ಪ್ರೇಮಕುಮಾರಿ ಎರಡು ಸಲ ಒಲ್ಲೆ ಅಂದಳು. ಮೂರನೆಯ ಸಲ ಗೌರಕ್ಕ ಬೈದಳು. ಹೋದಳು.

ಹೋಳಿಗೆ ಬಡಿಸುವ ಹೊತ್ತಿಗೆ ಚನ್ನಮಲ್ಲಪ್ಪ ಎದ್ದು ನಿಂತ. ಇಸ್ತ್ರಿ ಇಲ್ಲದ ಜುಬ್ಬಾ, ಗಡ್ಡ ಬೇರೆ.

"ಎಲ್ಲಾರೂ ಒಂದೀಟು ಕೇಳ್ರಿ. ಹೋದ ಆಯುಧ ಪೂಜಿಗೆ ನಾನು ನಿಮಗೆಲ್ಲಾ ನಕ್ಕಿದ್ದೆ. ಗಾಡಿಗೆ ಕುಂಕುಮ ಹಚ್ಚಿದ್ರ ಮೈಲೇಜ್ ಬರ್ತೈತೇನು ಅಂತ ಕೇಳಿದ್ದೆ. ಪಾರ್ಕಿಂಗ್‌ನ್ಯಾಗ ಕಾಯಿ ಒಡೀಬ್ಯಾಡ್ರಿ ಅಂತ ಆ ಜರ್ಮನ್ ವಾಚ್‌ಮನ್ ಬೈದ ಮ್ಯಾಲ, ಗೌರಕ್ಕ ಇಡೀ ಕಾಯಿ ಬಾನೆಟ್‌ನ್ಯಾಗ ಕಟ್ಟು ಅಂತ ನನಗ ಕೊಟ್ಟಳು. ನಗಚಾಟಿಕಿ ಮಾಡ್ಕೋತ, ಸರಿಯಾಗಿ ನೋಡದ ಕಟ್ಟಿದೆ. ಚಳಿಗೆ ಟೈ ಹರೀತು, ಕಾಯಿ ಇಂಜಿನ್ ಹಿಂದ ಬಿತ್ತು. ಪ್ರೇಮಕುಮಾರಿಯವರ ಗಾಡಿ ನಡುಗಿದ್ದು ನನ್ನಿಂದ. ವೈಬ್ರೇಷನ್ ಎಕ್ಸ್‌ಪರ್ಟ್ ನಾನ! ಹುಡುಕಿ ತೆಗೆದಾಕಿ ಆಕಿ."

ಊಟಕ್ಕೆ ಕೂತವರೆಲ್ಲ ಬಿದ್ದು ಬಿದ್ದು ನಕ್ಕರು! "ಏನ್ ಗುರು, ಕಾಯಿ ಇಂಜಿನಿಯರ್!" ಎಂದು ಸುನಿಲಕುಮಾರ ಕೂಗಿದ. ಆ ಹೆಸರು ಅವನಿಗೆ ಅಂದಿನಿಂದ ಅಂಟಿಕೊಂಡಿತು.

ನಗಲಾರದವಳು ಪ್ರೇಮಕುಮಾರಿ ಒಬ್ಬಳೇ. ಆಯುಧ ಪೂಜೆ... ಅವತ್ತು ಗೌರಕ್ಕನ ಒತ್ತಾಯಕ್ಕೆ ತಾನೇ ಕಾರಿನ ಕೀಲಿಯನ್ನು ಪೂಜೆಗೆಂದು ಅವಳ ಕೈಗೆ ಕೊಟ್ಟು, ಈ ಜನ ತನ್ನವರಲ್ಲ ಎನ್ನುವಂತೆ ಬಸ್ ಸ್ಟಾಪಿನಲ್ಲಿ ಬೆನ್ನು ತಿರುಗಿಸಿ ನಿಂತಿದ್ದಳು. ತಿರುಗಿ ನೋಡಿದ್ದರೆ ಅಂದೇ ಕಾಣುತ್ತಿತ್ತು!

"ಏನೂ ಬದಲಾಗಿಲ್ಲ" ಅಂದಿದ್ದಳಲ್ಲ... ಮುಖ ಬಿಸಿಯಾಯಿತು.

ಎಲೆ ಬಿಟ್ಟೆದ್ದು ಹೊರಗೆ ಕಾರಿನ ಬಳಿ ಬಂದಳು. ಹಿಂದೆಯೇ ಹೆಜ್ಜೆಯ ಸದ್ದು.

"ಇಷ್ಟು ಜನರ ಮುಂದೆ ಯಾಕೆ ಹೇಳಿದ್ರಿ?" ತಿರುಗದೆ ಕೇಳಿದಳು.

"ನಿಮ್ಮನ್ನ ನೋಡಿ ನಿಮ್ಮ ಅತ್ತಿಗಿ ನಗೂವಂಗ ಮಾಡಿದೆ. ನನಗೂ ನಾಲ್ಕು ಮಂದಿ ನಗಲಿ ಅಂತ."

"ಮೊದಲಿನಿಂದ ಗೊತ್ತಿತ್ತಾ?"

"ಇಲ್ಲ. ಅವತ್ತು ಸಾಲಾಗಿ ನಿಂತ ಗಾಡ್ಯಾಗ ಯಾವುದಕ್ಕ ಕಟ್ಟಿದೆ ಅನ್ನೂದ ಮರ್ತಿದ್ದೆ. ನೀವು ರಿವರ್ಸ್ ಅಂದ್ರಲ್ಲ, ಆ ಗಳಿಗ್ಯಾಗ ಗೊತ್ತಾತು. ಅಷ್ಟೂ ನೆನಪಾತು. ಹೇಳಾಕ ನಾಚಿಕಿ ಆತು. ಇನ್ನೊಂದು... ಗಾಡಿ ಸರಿ ಹೋದ್ರ ಶನಿವಾರ ಇರಾಂಗಿಲ್ಲ ಅಂತ ಹೆದರಿಕಿ ಆತು. ಅದಕ್ಕ ನಿಮ್ಮ ಬುದ್ಧಿ ಹಳಿದೆ. ನಾ ಮಾಡಿದ ಹೊಲಸು ಕೆಲಸ ಅದು. ಕಾಯಿ ಕಟ್ಟಿದ್ದಲ್ಲ."

ಅವಳು ತಿರುಗಿದಳು. ಅವನ ಕಣ್ಣು ಕೆಂಪಾಗಿದ್ದವು.

"ಅವತ್ತು ಪೂಜೆಯಲ್ಲಿ ನನ್ನನ್ನ ನೋಡಿದ್ರಾ?"

"ಬೆನ್ನು ನೋಡಿದ್ದೆ. ಕೆಂಪು ಕೋಟು. ನಮ್ಮನ್ನೆಲ್ಲಾ ಕಂಡು ಹೇಸಿಕೊಂಡು ನಿಂತಿದ್ರಿ. ನನಗ ಭಾಳ ಖುಷಿ ಆಗಿತ್ತು. ಈ ಊರಾಗ ನನ್ನಂಗ ಸೊಕ್ಕಿನಾಕಿ ಇನ್ನೊಬ್ಬಾಕಿ ಅದಾಳ ಅಂತ."

ಪ್ರೇಮಕುಮಾರಿಗೆ ನಗು ಬಂತು. ಜೊತೆಗೇ ಅಳುವೂ ಬಂತು. ಡಿಕ್ಕಿ ತೆರೆದಳು. ಆ ಕಾಯಿ ಅಲ್ಲೇ ಇತ್ತು. ಎಸೆಯಲು ಮನಸ್ಸಾಗಿರಲಿಲ್ಲ.

"ಒಡೀರಿ ಇದನ್ನ."

"ಇಲ್ಲೇ? ಯಾರಾರ ಬೈದ್ರ?"

"ಬೈಲಿ."

ಫುಟ್‌ಪಾತಿನ ಕಲ್ಲಿಗೆ ಕುಕ್ಕಿದ. ಕಾಯಿ ಎರಡು ಹೋಳಾಯಿತು. ಒಳಗೆ ನೀರಿರಲಿಲ್ಲ. ಇಂಜಿನ್ನಿನ ಶಾಖಕ್ಕೆ ಒಣಗಿ ಘಮ್ಮೆನ್ನುವ ಕೊಬ್ಬರಿಯಾಗಿತ್ತು. ಅವಳು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ಇನ್ನೊಂದು ಚೂರನ್ನು ಅವನ ಕೈಗಿಟ್ಟಳು. ಬೆರಳು ಬೆರಳಿಗೆ ತಾಗಿತು. ಇಬ್ಬರೂ ಕೈ ತೆಗೆಯಲಿಲ್ಲ.

"ಶನಿವಾರ ಬರಲೇನು?"

"ಕಾರು ಸರಿ ಇದೆಯಲ್ಲ."

"ಗೊತ್ತು. ಅದಕ್ಕ ಕೇಳಾಕ್ಹತ್ತೇನಿ... ಈಗ ನನ್ನ ಕಡೆ ಯಾವ ನೆವನೂ ಇಲ್ಲ, ಪ್ರೇಮಕುಮಾರಿ."

ಪೂರ್ತಿ ಹೆಸರು. ಅವಳು ತಿದ್ದಲಿಲ್ಲ.

"ಬಾ. ಟೂಲ್ ಬಾಕ್ಸ್ ಮಾತ್ರ ಮನೇಲಿ ಬಿಟ್ಟು ಬಾ. ನನ್ನ ಕಾರನ್ನ ಇನ್ನು ನೀನು ಮುಟ್ಟಕೂಡದು."

"ಮತ್ತ ಏನು ತರ್ಲಿ?"

ಅವಳು ತನ್ನ ಕೈಯನ್ನು ಅವನ ಕೈಯೊಳಗೆ ಬಿಟ್ಟಳು.

"ಆ ಗಟ್ಟಿ ರೊಟ್ಟಿ... ಜಾಸ್ತಿನೇ ತಗೊಂಡು ಬಾ."